ಹತ್ತು ಬಿಟ್ಟು ಅಳೆದ ಕಂಡಿ

ನನ್ನ ತಮ್ಮನ ಬಲಗೈ ಮುರಿದದ್ದು ನನ್ನ ಅಳತೆ ತಪ್ಪಿದ್ದರಿಂದ ಅಂತ ಜನ ಹೇಳ್ತಾರೆ. ಹೇಳಲಿ. ಅಳತೆ ತಪ್ಪಿದ್ದು ನಿಜ, ಕೈ ಮುರಿದದ್ದೂ ನಿಜ. ಎರಡರ ಮಧ್ಯೆ ಏನಾಯ್ತು ಅನ್ನೋದು ಆ ಕೋಣೆಯಲ್ಲಿದ್ದ ಮೂರು ಜನಕ್ಕೆ ಮಾತ್ರ ಗೊತ್ತು. ತಮ್ಮ ಬಾಯಿ ಬಿಡಲ್ಲ, ಅಮ್ಮನ ಮನೆಯಲ್ಲಿ ಕೂತು ಎಡಗೈಯಲ್ಲಿ ಉಣ್ಣೋದು ಕಲೀತಿದ್ದಾನೆ. ಅವನ ಹೆಂಡತಿ ಕೇಳಿದವರಿಗೆಲ್ಲ ಸುಮ್ಮನೆ ನಕ್ಕು ಒಳಗೆ ಹೋಗ್ತಾಳೆ. ಉಳಿದವಳು ನಾನು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ಅದು ಯಾರ ಮಾತೋ ಏನೋ. ನನಗೆ ಮಾತೂ ಬರುತ್ತೆ, ಜಗಳಾನೂ ಬರುತ್ತೆ.

ನಾನು ಬಡಗಿ. ಹೆಂಗಸು ಬಡಗಿಯಾ ಅಂತ ಹುಬ್ಬು ಏರಿಸಬೇಡಿ. ಮರಕ್ಕೆ ಗಂಡು ಹೆಣ್ಣು ಅಂತ ಗೊತ್ತಾಗಲ್ಲ, ಉಳಿ ಹರಿತವಾಗಿದೆಯಾ ಇಲ್ವಾ ಅಷ್ಟೇ ಗೊತ್ತಾಗುತ್ತೆ. ನಾನು ಅಪ್ಪನಿಂದ ಕಲಿತೆ, ಅಪ್ಪ ಹೋದ ಮೇಲೆ ತಮ್ಮ ನನ್ನಿಂದ ಕಲಿತ. ನನಗಿಂತ ತುಂಬಾ ಚಿಕ್ಕೋನು, ನನ್ನ ಸೊಂಟದ ಮೇಲೇ ಬೆಳೆದೋನು. ಹೊಟ್ಟೆಕಿಚ್ಚು ಪಡದೆ ಹೇಳ್ತೀನಿ, ಕೆಲಸದಲ್ಲಿ ನನ್ನನ್ನ ಮೀರಿಸಿದ. ಅವನು ನಿಲ್ಲಿಸಿದ ಚೌಕಟ್ಟಿಗೆ ತೂಗುಗುಂಡು ಇಳಿಬಿಟ್ಟರೆ ದಾರಕ್ಕೂ ಮರಕ್ಕೂ ನಡುವೆ ಕೂದಲು ತೂರಲ್ಲ. ಗಿರಾಕಿಗಳ ಹತ್ತಿರ ಮಾತಾಡಿದರೆ ಬೆಣ್ಣೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ನಮ್ಮ ಮನೆತನದ ಒಂದು ಅಭ್ಯಾಸ ಮೊದಲೇ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. ಟೇಪಿನ ತುದಿಯಲ್ಲಿ ಒಂದು ಕೊಕ್ಕೆ ಇರುತ್ತಲ್ಲ, ಅದು ಬಿದ್ದು ಎದ್ದು ಸಡಿಲವಾಗುತ್ತೆ. ಆಮೇಲೆ ಅದನ್ನ ನಂಬಬಾರದು. ಅದಕ್ಕೆ ಅಪ್ಪ ತುದಿ ಬಿಟ್ಟು, ಹತ್ತನೇ ಸೆಂಟಿಮೀಟರಿನ ಗೀಟನ್ನ ಮರದ ಅಂಚಿಗೆ ಹಿಡೀತಿದ್ದರು. ಹಾಗೆ ಹಿಡಿದಾಗ ನೂರು ಬೇಕಾದರೆ ನೂರಹತ್ತು ಅನ್ನಬೇಕು. "ಹತ್ತು ಬಿಟ್ಟು ಹಿಡಿ, ಹತ್ತು ಕೂಡಿ ನುಡಿ" ಅಂತ ಅಪ್ಪ ನಮಗೆ ಕಲಿಸಿದ್ದು. ಒಬ್ಬರು ಹಿಡಿಯೋದು, ಒಬ್ಬರು ನುಡಿಯೋದು. ಹಿಡಿದವರು ಅಂಕಿ ಬಗ್ಗೆ ಮಾತಾಡೋ ಹಾಗಿಲ್ಲ, ನುಡಿದವರದ್ದೇ ಕೊನೆ ಮಾತು. ಬೇರೆ ಬಡಗಿಗಳು ನಮ್ಮ ಅಳತೆ ಕೇಳಿದರೆ ಹುಚ್ಚು ಅಂದ್ಕೊಳ್ತಾರೆ. ನಮಗೆ ಅದು ಉಸಿರಾಡಿದ ಹಾಗೆ.

ತಮ್ಮನ ಹೆಂಡತೀನ ನಾವೆಲ್ಲ ಗುಬ್ಬಿ ಅಂತ ಕರೆಯೋದು. ಸಣ್ಣ ಮೈ, ಒಂದು ಕಡೆ ಕೂತವಳಲ್ಲ. ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಕೊಂಡು ಬಟ್ಟೆ ಹೊಲೀತಾಳೆ. ಮನೆ ಅವಳದ್ದೇ, ಸಾಕಿದ ಚಿಕ್ಕಮ್ಮ ಬಿಟ್ಟುಹೋದದ್ದು. ತಮ್ಮ ಮದುವೆಯಾಗಿ ಅಲ್ಲಿಗೆ ಹೋಗಿ ಸೇರಿಕೊಂಡ.

ಒಂದು ಮಧ್ಯಾಹ್ನ, ತಮ್ಮ ಬೇರೆ ಕಡೆ ಕೆಲಸದಲ್ಲಿದ್ದಾಗ, ಅವಳು ನನ್ನ ಅಂಗಡಿಗೆ ಬಂದಳು. ನಾನು ಹಲಗೆ ಉಜ್ಜುತಾ ಇದ್ದೆ.

"ಅತ್ತಿಗೆ, ನನಗೊಂದು ಗೋಡೆ ಬೀರು ಬೇಕು. ಜಾರೋ ಬಾಗಿಲಿನದ್ದು. ಮಲಗೋ ಕೋಣೆ ಕೊನೆಯಲ್ಲಿ ಗೋಡೆ ಒಳಕ್ಕೆ ಹೋಗಿದೆಯಲ್ಲ, ಅಲ್ಲಿ."

"ಮಾಡೋಣ. ಒಳಗೆ ಎಷ್ಟು ಹಲಗೆ ಕೂರಿಸಲಿ?"

"ಹಲಗೆ ಬೇಡ. ಒಬ್ಬರು ನಿಂತುಕೊಳ್ಳೋ ಅಷ್ಟು ಜಾಗ ಇದ್ದರೆ ಸಾಕು. ಬಾಗಿಲನ್ನ ಒಳಗಿಂದ ಭದ್ರ ಮಾಡೋಕೆ ಬರುತ್ತಾ?"

"ಅಲ್ಲವೇ, ನಿನ್ನ ಬಟ್ಟೆಗಳು ಒಳಗೆ ಹೋಗಿ ತಾವೇ ಬಾಗಿಲು ಹಾಕ್ಕೊಳ್ತಾವಾ?" ಅಂತ ನಕ್ಕೆ.

ಅವಳೂ ನಕ್ಕಳು. ನಕ್ಕಾಗ ತುಟಿ ಒಡೆದು ರಕ್ತ ಬಂತು. ಆಗ ಅವಳನ್ನ ಸರಿಯಾಗಿ ನೋಡಿದೆ. ತುಟಿ ಊದಿತ್ತು. ಕಿವಿ ಹಿಂದೆ ಕೂದಲು ಬೋಳಿಸಿ ಹೊಲಿಗೆ ಹಾಕಿದ್ದರು, ಅದರ ಮೇಲೆ ಜಡೆ ಎಳೆದು ಮುಚ್ಚಿಕೊಂಡಿದ್ದಳು.

"ಬಾಗಿಲು ತಾಗಿತು ಅತ್ತಿಗೆ" ಅಂದಳು.

"ನಾನು ಬಾಗಿಲು ಮಾಡೋಳು ಕಣೇ. ಯಾವ ಬಾಗಿಲು ಎಲ್ಲಿ ತಾಗುತ್ತೆ ಅಂತ ನನಗೆ ಹೇಳ್ತೀಯಾ?"

"ಆಸ್ಪತ್ರೇಲಿ ಹಾಗೆ ಹೇಳು ಅಂತ ಅವರೇ ಹೇಳಿಕೊಟ್ಟಿದ್ದು" ಅಂದಳು. ಮೆಲ್ಲಗೆ ಅಂದಳು, ಬೇರೆ ಯಾರದ್ದೋ ವಿಷಯ ಅನ್ನೋ ಹಾಗೆ.

ನನ್ನ ಮೈಯೆಲ್ಲ ಉರಿದುಹೋಯ್ತು. ಮೂಲೆಯಲ್ಲಿದ್ದ ಮರದ ರೀಪು ಎತ್ತಿಕೊಂಡೆ. ಇದು ಮೊದಲ ಸಲ ಅಲ್ಲ ನೋಡಿ. ಹಿಂದೆ ಒಂದು ಸಲ ಅವಳ ಕಣ್ಣು ಕಪ್ಪಾಗಿದ್ದಾಗ, ತಮ್ಮ ಕೆಲಸ ಮಾಡ್ತಿದ್ದ ಕಟ್ಟಡಕ್ಕೇ ನುಗ್ಗಿ, ಗಾರೆ ಕೆಲಸದವರ ಎದುರಿಗೇ ಅವನ ಬೆನ್ನ ಮೇಲೆ ರೀಪು ಮುರಿದಿದ್ದೆ. ಕಾಲಿಗೆ ಬಿದ್ದಿದ್ದ, ಅತ್ತಿದ್ದ, ಇನ್ನು ಮುಟ್ಟಲ್ಲ ಅಂದಿದ್ದ. ಕೆಲಸ ಮುಗೀತು ಅಂದ್ಕೊಂಡು ಹೆಮ್ಮೆಯಿಂದ ಮನೆಗೆ ಬಂದಿದ್ದೆ.

ಗುಬ್ಬಿ ನನ್ನ ಕೈ ಹಿಡಿದಳು. "ಬೇಡ ಅತ್ತಿಗೆ. ಹೋದ ಸಲ ನೀವು ಅವರಿಗೆ ಕೊಟ್ಟಿರಲ್ಲ, ಅದನ್ನ ರಾತ್ರೀನೇ ಬಡ್ಡಿ ಸಮೇತ ನನಗೆ ಕೊಟ್ಟರು. ಅಕ್ಕನ ಹತ್ತಿರ ಚಾಡಿ ಹೇಳ್ತೀಯಾ ಅಂತ."

ರೀಪು ಕೈಯಲ್ಲೇ ಇತ್ತು. ಏನು ಮಾಡಬೇಕೋ ತಿಳೀದೆ ಅದನ್ನ ಗೋಡೆಗೆ ಬೀಸಿ ಹೊಡೆದೆ. ಎರಡು ತುಂಡಾಯ್ತು. ಒಳ್ಳೇ ಮರ ಹಾಳಾಯ್ತು, ಅಷ್ಟೇ.

"ನನ್ನ ಜೊತೆ ಬಂದುಬಿಡು" ಅಂದೆ.

"ನನ್ನ ಮನೆ ಬಿಟ್ಟು ನಾನ್ಯಾಕೆ ಬರಲಿ? ಹೊಡೆಯೋರು ಹಾಯಾಗಿ ಇರಬೇಕು, ಹೊಡೆಸಿಕೊಂಡವಳು ಗಂಟುಮೂಟೆ ಕಟ್ಟಬೇಕಾ?"

"ಪೊಲೀಸಿಗೆ?"

"ಹೋಗಿದ್ದೆ. ಅವರ ಸ್ಟೇಷನ್ನಿನ ಕಿಟಕಿ ರಿಪೇರಿ ಮಾಡಿದ್ದು ಇವರೇ ಅಂತೆ. ಇವರನ್ನ ಕರೆಸಿ, ಕೂರಿಸಿ, ಟೀ ಕೊಟ್ಟು, ನನಗೆ ಬುದ್ಧಿ ಹೇಳಿ ಕಳಿಸಿದರು."

ಅವಳು ಎಲ್ಲಾ ಯೋಚನೆ ಮಾಡಿಕೊಂಡೇ ಬಂದಿದ್ದಳು. ಬಚ್ಚಲಿಗೆ ಓಡಿಹೋಗಿ ಚಿಲಕ ಹಾಕ್ಕೊಂಡರೆ ಅವನು ಒದೀತಾನೆ. ತಿರುಗೋ ಬಾಗಿಲಿಗೆ ಎಷ್ಟೇ ದಪ್ಪ ಮರ ಹಾಕಿ, ಅದರ ಪ್ರಾಣ ಎಲ್ಲಾ ಇರೋದು ಆ ಪುಟ್ಟ ಚಿಲಕದಲ್ಲಿ. ಒಂದು ಒದೆಗೆ ಸ್ಕ್ರೂ ಸಮೇತ ಕಿತ್ತು ಬರುತ್ತೆ. ಎರಡು ಸಲ ಬಂದಿತ್ತು. ಜಾರೋ ಬಾಗಿಲು ಹಾಗಲ್ಲ. ಮೇಲೆ ಹಳಿ, ಕೆಳಗೆ ಬಾಗಿಲು ಕೂರೋ ಕಾಲುವೆ, ಅಕ್ಕಪಕ್ಕ ಚೌಕಟ್ಟು. ಒದ್ದರೆ ಒದೆ ಇಡೀ ಚೌಕಟ್ಟಿಗೆ ಹಂಚಿಹೋಗುತ್ತೆ. ಎರಡು ಬಾಗಿಲೂ ಮುಚ್ಚಿದಾಗ ಮಧ್ಯದಲ್ಲಿ ಒಂದರ ಮೇಲೊಂದು ಮೂರು ಸೆಂಟಿಮೀಟರ್ ಸೇರಿರುತ್ತಲ್ಲ, ಆ ಜಾಗದಲ್ಲಿ ಎರಡಕ್ಕೂ ತೂತು ಕೊರೆದು, ಒಳಗಿಂದ ಒಂದು ಉದ್ದ ಮೊಳೆ ತೂರಿಸಿದರೆ ಮುಗೀತು. ಆ ಕಡೆನೂ ಜಾರಲ್ಲ, ಈ ಕಡೆನೂ ಜಾರಲ್ಲ. ಹೊರಗಿನವರು ತಲೆ ಚಚ್ಚಿಕೊಳ್ಳಬೇಕು.

ಹಾಗೆ ಅವಳಿಗೆ ಹೇಳಿದೆ. ಅವಳು ನನ್ನ ಎರಡೂ ಕೈ ಹಿಡಿದು, "ಮೂರು ಸೆಂಟಿಮೀಟರ್ ಸಾಕಾ ಅತ್ತಿಗೆ?" ಅಂತ ಕೇಳಿದಳು. ಒಂದು ಹೆಣ್ಣಿನ ಜೀವ ಮೂರು ಸೆಂಟಿಮೀಟರಿಗೆ ಬಂದು ನಿಂತಿತ್ತು. ನನಗೆ ಅಳು ಬಂತು, ಅದನ್ನ ಮುಚ್ಚೋಕೆ ಅವಳನ್ನ ಬೈದು ಕಳಿಸಿದೆ.

ಅಮ್ಮನಿಗೆ ಹೇಳಿದೆ. ಅಮ್ಮ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂದಳು.

"ನಿನ್ನ ಮಗ ಶುರು ಮಾಡೋದೇ ಉಂಡ ಮೇಲೆ ಕಣಮ್ಮ" ಅಂದೆ.

ಚೌಕಟ್ಟು ನಿಲ್ಲಿಸೋಕೆ ಇಬ್ಬರು ಬೇಕು, ಮೇಲಿನ ತೊಲೆ ಒಬ್ಬರ ಕೈಲಿ ಆಗೋದಲ್ಲ. ಬೇರೆ ಬಡಗಿಯನ್ನ ಕರೆದರೆ ತಮ್ಮನಿಗೆ ಅನುಮಾನ ಬರುತ್ತೆ. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಅದಕ್ಕೆ ಅವನನ್ನೇ ಕರೆದೆ. "ನಿನ್ನ ಹೆಂಡತಿಗೆ ಬಟ್ಟೆ ಬೀರು ಬೇಕಂತೆ, ಬಾರೋ" ಅಂದೆ. ಬಂದ. ಶಿಳ್ಳೆ ಹಾಕ್ಕೊಂಡೇ ಬಂದ.

ಬಾಗಿಲುಗಳನ್ನ ನಾನು ಅಂಗಡಿಯಲ್ಲಿ ಮೊದಲೇ ಮಾಡಿ ಇಟ್ಟಿದ್ದೆ. ನಾಲ್ಕು ಸೆಂಟಿಮೀಟರ್ ದಪ್ಪದ ಗಟ್ಟಿ ಮರ, ಒಂದೊಂದೂ ಎಂಬತ್ತು ಅಗಲ. ಮೊಳೆಯ ತೂತನ್ನೂ ಕೊರೆದಿದ್ದೆ, ಒಂದೇ ಸಲಕ್ಕೆ ಎರಡನ್ನೂ ಸೇರಿಸಿ ಹಿಡಿದು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಇನ್ನು ಉಳಿದದ್ದು ಹಸಿಕಂಡಿ. ಹಸಿಕಂಡಿ ಅಂದರೆ, ಪಕ್ಕದ ಹಲಗೆ, ಹಳಿ ಏನೂ ಕೂರಿಸೋಕೆ ಮೊದಲು ಒರಟು ಮರದಲ್ಲಿ ಬಿಡೋ ಕಂಡಿ. ಬಾಗಿಲು ಚೆಂದ ಇದ್ದು ಏನು ಬಂತು, ಹಸಿಕಂಡಿ ಕೆಟ್ಟರೆ ಎಲ್ಲಾ ಕೆಟ್ಟ ಹಾಗೆ. ಲೆಕ್ಕ ನನ್ನ ತಲೆಯಲ್ಲಿತ್ತು. ಎರಡು ಬಾಗಿಲು ಸೇರಿ ನೂರ ಅರವತ್ತು. ಒಂದರ ಮೇಲೊಂದು ಕೂರೋಕೆ ಮೂರು ಕಳೆದರೆ ನೂರ ಐವತ್ತೇಳು. ಪಕ್ಕದ ಹಲಗೆಗೆ ಎರಡೆರಡು, ಬೆಣೆ ಹಾಕಿ ಸರಿ ಮಾಡೋಕೆ ಎರಡೂ ಕಡೆ ಅರ್ಧರ್ಧ. ಒಟ್ಟು ನೂರ ಅರವತ್ತೆರಡು.

ಹಳೇ ಟೇಪು ಆ ವಾರವೇ ಹರಿದುಹೋಗಿ ಹೊಸದು ತಂದಿದ್ದೆ. ಹೊಸದರ ಕೊಕ್ಕೆ ಗಟ್ಟಿಯಾಗಿತ್ತು, ಹತ್ತು ಬಿಡೋದು ಬೇಕಿರಲಿಲ್ಲ. ಮೊದಲನೇ ಕಂಬ ನಿಲ್ಲಿಸಿ, ತೂಗುಗುಂಡು ಹಿಡಿದು, ಬಿಗಿ ಮಾಡಿದ್ವಿ. ಎರಡನೇ ಕಂಬದ ಜಾಗ ಗುರುತು ಮಾಡಬೇಕಿತ್ತು. ತಮ್ಮ ನೆಲದ ಮೇಲೆ ಮೊಣಕಾಲೂರಿ, ಕಂಬದ ಅಂಚಿಗೆ ಕೊಕ್ಕೆ ಸಿಕ್ಕಿಸಿ ಹಿಡಿದ. "ಹೇಳಕ್ಕಾ" ಅಂದ.

ಆಗ ಅವನ ಮುಷ್ಟಿ ನೋಡಿದೆ. ಬೆರಳಿನ ಗೆಣ್ಣುಗಳ ಚರ್ಮ ಸುಲಿದಿತ್ತು. ಮರ ತರಚಿದ ಗಾಯ ಹೇಗಿರುತ್ತೆ ಅಂತ ನನಗೆ ಗೊತ್ತು, ಇದು ಮರದ್ದಲ್ಲ. ಹಲ್ಲಿಗೆ ತಾಗಿದ್ದು. ಅವಳ ತುಟಿ ನೆನಪಾಯ್ತು. ನನ್ನ ಕೈಯಲ್ಲಿದ್ದ ಸುತ್ತಿಗೆ ಅವನ ನೆತ್ತಿಗೆ ಮೊಳ ದೂರದಲ್ಲಿತ್ತು. ಹಾಕಿಬಿಡಲಾ ಅನ್ನಿಸ್ತು, ದೇವರಾಣೆ ಅನ್ನಿಸ್ತು.

"ಹೇಳೇ" ಅಂದ.

"ನೂರ ಎಪ್ಪತ್ತೆರಡು" ಅಂದೆ.

ಹತ್ತು ಕೂಡಿ ನುಡಿದಿದ್ದೆ. ಅವನು ಹತ್ತು ಬಿಟ್ಟು ಹಿಡಿದಿರಲಿಲ್ಲ. ಹಿಡಿದವನು ಅಂಕಿ ಬಗ್ಗೆ ಮಾತಾಡೋ ಹಾಗಿಲ್ಲವಲ್ಲ, ಗೀಟು ಹಾಕಿದ. ಕಂಬ ಎದ್ದಿತು, ತೊಲೆ ಕೂತಿತು, ಮೂಲೆಯಿಂದ ಮೂಲೆಗೆ ಎರಡೂ ಅಡ್ಡಳತೆ ಒಂದೇ ಬಂತು. ಕಂಡಿ ಎಷ್ಟು ಚೌಕವಾಗಿತ್ತು ಅಂದರೆ ಇಬ್ಬರೂ ಅಗಲದ ಯೋಚನೇನೇ ಮಾಡಲಿಲ್ಲ. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುತ್ತಾ ಅಂತಾರೆ. ಸಿಟ್ಟಲ್ಲಿ ಅಳೆದ ಕಂಡಿನೂ ಹಾಗೇ.

ಮರುದಿನ ಬೆಳಿಗ್ಗೆ ಪಕ್ಕದ ಹಲಗೆ ಕೂರಿಸಿ, ಹಳಿ ಬಿಗಿದು, ಬಾಗಿಲು ತೂಗುಹಾಕಿದ್ವಿ. ಹಿಂದಿನದನ್ನ ನಾನು ಎಡಕ್ಕೆ ತಳ್ಳಿದೆ, ಮುಂದಿನದನ್ನ ಅವನು ಬಲಕ್ಕೆ ತಳ್ಳಿದ. ಎರಡೂ ಚೌಕಟ್ಟಿಗೆ ಟಪ್ ಅಂತ ತಾಗಿದವು. ಮಧ್ಯದಲ್ಲಿ ಕತ್ತಲೆ ಕಾಣಿಸ್ತು. ಹತ್ತು ಹೆಚ್ಚು, ಅದರಲ್ಲಿ ಮೂರು ಕಳೆದರೆ ಏಳು ಸೆಂಟಿಮೀಟರ್, ಸರಿಯಾಗಿ ನಾಲ್ಕು ಬೆರಳಗಲ.

ಗುಬ್ಬಿ ಕೋಣೆ ಬಾಗಿಲ ಹತ್ತಿರ ನಿಂತಿದ್ದಳು, ಕೈಯಲ್ಲಿ ಯಾರದ್ದೋ ಅರ್ಧ ಹೊಲಿದ ಅಂಗಿ. ಆ ಸಂದನ್ನೇ ನೋಡ್ತಿದ್ದಳು, ನನ್ನನ್ನ ನೋಡಲಿಲ್ಲ.

ತಮ್ಮ ಹೊಟ್ಟೆ ಹಿಡ್ಕೊಂಡು ನಕ್ಕ. "ಅಯ್ಯೋ ಅಕ್ಕಾ! ನೀನು ಅಳತೆ ತಪ್ಪೋದನ್ನ ನೋಡೋಕೆ ಪುಣ್ಯ ಮಾಡಿರಬೇಕು. ಹೊಸ ಟೇಪಿಗೂ ಹತ್ತು ಕೂಡಿಸಿದ್ಯಾ?" ಅಂತ ಬಾಗಿಲ ಅಂಚು ಸವರಿದ. ಸವರುತಾ ಅವನ ಬೆರಳು ತೂತಿಗೆ ಸಿಕ್ಕಿತು. ಇನ್ನೊಂದು ಬಾಗಿಲು ಮುಟ್ಟಿ ನೋಡಿದ, ಅಲ್ಲೂ ಅದೇ ಎತ್ತರಕ್ಕೆ ತೂತು. ನಗು ನಿಂತಿತು.

"ಇದೇನಕ್ಕ?"

"ಗಾಳಿಗೆ" ಅಂದೆ. "ಬಟ್ಟೆ ಮುಗ್ಗಲು ವಾಸನೆ ಬರಬಾರದಲ್ಲ."

ಅವನಿಗೆ ಕೆಲಸ ಕಲಿಸಿದೋಳು ನಾನೇ. ಅದು ಗಾಳಿ ತೂತಲ್ಲ ಅಂತ ಅವನಿಗೆ ಗೊತ್ತಾಗದೆ ಇರುತ್ತಾ? ತೂತಿನಲ್ಲಿ ಬೆರಳಿಟ್ಟುಕೊಂಡೇ ಗುಬ್ಬಿ ಕಡೆ ತಿರುಗಿ ನೋಡಿದ. ಆಮೇಲೆ ಕೈ ಕೊಡವಿಕೊಂಡು, "ಸರಿ, ನಾನು ಸ್ಕ್ರೂ ತರ್ತೀನಿ" ಅಂತ ಹೊರಟುಹೋದ. ಶಿಳ್ಳೆ ಹಾಕಲಿಲ್ಲ.

"ಬಾ, ಅಂಗಡಿಗೆ ಹೋಗೋಣ" ಅಂತ ಗುಬ್ಬಿಗೆ ಹೇಳಿದೆ. "ಒಂದು ಕಡೆ ಹತ್ತು ಸೆಂಟಿಮೀಟರ್ ದಪ್ಪದ ಮರ ಕೂಡಿಸಿದರೆ ಸರಿಹೋಗುತ್ತೆ. ಕೊಯ್ದು ತರೋಣ."

"ಈ ಅಂಗಿ ತಗೊಂಡು ಹೋಗೋಕೆ ಜನ ಬರ್ತಾರೆ ಅತ್ತಿಗೆ. ಹಗಲು ಹೊತ್ತಲ್ವಾ, ನೀವು ಬೇಗ ಬನ್ನಿ" ಅಂದಳು. ಹಗಲು ಹೊತ್ತು ಅನ್ನೋದನ್ನ ನಾನೂ ನಂಬಿದೆ.

ಅಂಗಡಿ ಎರಡು ಬೀದಿ ಆಚೆ. ಮರ ಆರಿಸಿ, ಕೊಯ್ದು, ಒಂದು ಮುಖ ಉಜ್ಜಿ, ಬೆಣೆಗಳನ್ನ ಚೀಲಕ್ಕೆ ಹಾಕ್ಕೊಂಡೆ. ಮರದ ತುಂಡು ಹೆಗಲ ಮೇಲೆ ಹೊತ್ತುಕೊಂಡು ಬರ್ತಿದ್ದ ಹಾಗೇ, ಬೀದಿ ತಿರುವಿನಲ್ಲೇ ಬಡಿತ ಕೇಳಿಸ್ತು. ಕೆಲಸದ ಬಡಿತಕ್ಕೆ ಒಂದು ತಾಳ ಇರುತ್ತೆ. ಇದಕ್ಕೆ ಇರಲಿಲ್ಲ. ನಾನು ಓಡಿದೆ.

ಬೀದಿ ಬಾಗಿಲು ಹಾರುಹೊಡೆದಿತ್ತು. ಹೊಲಿಗೆ ಮಿಷನ್ ಬೋರಲು ಬಿದ್ದಿತ್ತು, ದಾರದ ಉಂಡೆಗಳು ನೆಲದ ತುಂಬಾ. ಆ ಅರ್ಧ ಹೊಲಿದ ಅಂಗಿಯ ಮೇಲೆ ರಕ್ತದ ಹನಿ. ಒಳಕೋಣೆಗೆ ನುಗ್ಗಿದೆ.

ತಮ್ಮ ಬೀರುವಿನ ಬಾಗಿಲಿಗೆ ಎದೆ ಒತ್ತಿ ನಿಂತಿದ್ದ. ಬಲಗೈ ಮೊಣಕೈ ಹತ್ತಿರದ ತನಕ ಆ ಸಂದಿನ ಒಳಗೆ ಹೋಗಿತ್ತು. ಎಡಗೈಯಲ್ಲಿ ಬಾಗಿಲನ್ನ ಗುದ್ದುತಾ ಇದ್ದ. ಕೆನ್ನೆಯ ಮೇಲೆ ಉಗುರು ಗೀರಿದ ಗೆರೆಗಳು. ಒಳಗೆ ಗುಬ್ಬಿ ಹಿಂದಿನ ಬಾಗಿಲನ್ನ ಅವನ ಕೈ ಮೇಲೆ ತಳ್ಳಿ ಹಿಡಿದಿದ್ದಳು. ಮೊಳೆಗೆ ಜಾಗ ಇರಲಿಲ್ಲವಲ್ಲ, ಅವಳ ಮೈಯೇ ಮೊಳೆ ಆಗಬೇಕಿತ್ತು. ಬಾಗಿಲು ಮಧ್ಯಕ್ಕೆ ಸರಿದು ಎಡಗಡೆ ಚೌಕಟ್ಟಿನ ಹತ್ತಿರ ಎರಡು ಬೆರಳಷ್ಟು ಸಂದು ಬಿಟ್ಟಿತ್ತು.

"ಅಕ್ಕಾ! ಬಂದ್ಯಾ? ಬಾಗಿಲು ಎಳಿಯೇ, ಕೈ ಹೋಗ್ತಿದೆ! ಅಯ್ಯೋ, ಎಳಿಯೇ!"

ನಿಜ ಹೇಳ್ತೀನಿ. ಹೆಗಲ ಮರ ಎಸೆದು, ಬಾಗಿಲು ಎಳೆಯೋಕೆ ಕೈ ಹಾಕಿದೆ. ಅವನ ಆ ಕೂಗು ಚಿಕ್ಕಂದಿನಿಂದ ಕೇಳಿದ್ದು. ಮೆಟ್ಟಿಲಿಂದ ಬಿದ್ದಾಗ ಹಾಗೇ ಕೂಗಿದ್ದ, ಉಳಿ ತಾಗಿಸಿಕೊಂಡಾಗ ಹಾಗೇ ಕೂಗಿದ್ದ, ಪ್ರತಿ ಸಲ ಎತ್ತಿಕೊಂಡು ಓಡಿದ್ದೆ. ಬಾಗಿಲ ಅಂಚು ಹಿಡಿಯೋಕೆ ಬಗ್ಗಿದಾಗ ಎಡಗಡೆ ಸಂದಿನಿಂದ ಒಳಗೆ ಕಾಣಿಸ್ತು.

ಗುಬ್ಬಿ ಬಾಗಿಲಿನ ಒಳಹಿಡಿಯನ್ನ ಎರಡೂ ಕೈಯಿಂದ ಹಿಡಿದು, ಒಂದು ಕಾಲನ್ನ ಗೋಡೆಗೆ ಊರಿ, ಬಿಲ್ಲಾಗಿ ಬಗ್ಗಿದ್ದಳು. ಅವಳ ತಲೆ ಹಿಂದಕ್ಕೆ ಎಳೆದುಹೋಗಿತ್ತು. ಅವಳ ಜಡೆ ತಮ್ಮನ ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಕಿವಿ ಹಿಂದಿನ ಹೊಲಿಗೆ ಬಿಚ್ಚಿ ಕತ್ತಿಗೆಲ್ಲ ರಕ್ತ ಇಳೀತಿತ್ತು. ಅವಳು ಕೂಗ್ತಾ ಇರಲಿಲ್ಲ. ಕೂಗಿದರೆ ಬಲ ಹೋಗುತ್ತಲ್ಲ.

"ಜಡೆ ಬಿಡೋ" ಅಂದೆ.

"ಮೊದಲು ಬಾಗಿಲು ತೆಗಿ."

"ಬಿಡೋ ಅಂದೆ!"

"ಬೀರು ಬೇಕಂತೆ ಇವಳಿಗೆ! ಗಂಡ ಬಂದರೆ ಮೊಳೆ ಹಾಕ್ಕೊಳ್ತಾಳಂತೆ! ಬಿಡಲ್ಲ, ಇವತ್ತು ಇವಳನ್ನ ಬಿಡಲ್ಲ. ನೀನು ನನ್ನ ಅಕ್ಕನೋ ಅವಳ ಅಕ್ಕನೋ? ತೆಗಿ!" ಅಂತ ಮುಷ್ಟಿ ಜಗ್ಗಿದ. ಒಳಗೆ ಅವಳ ತಲೆ ಬಾಗಿಲಿಗೆ ಬಡೀತು. ಮತ್ತೆ ಜಗ್ಗಿದ. ಮತ್ತೆ ಬಡೀತು. ನಾಲ್ಕು ಸೆಂಟಿಮೀಟರ್ ದಪ್ಪದ ಗಟ್ಟಿ ಮರ ಅದು, ನಾನೇ ಆರಿಸಿದ್ದು. ಬೀದಿ ತಿರುವಿನಲ್ಲಿ ಕೇಳಿಸಿದ ಬಡಿತದಲ್ಲಿ ಅರ್ಧ ಅವಳ ತಲೆಯದ್ದು.

ಬಾಗಿಲು ಎಳೆದರೆ ಅವನ ಕೈ ಬಿಡುಗಡೆ. ಆಮೇಲೆ ಅವನಿಗೂ ಅವಳಿಗೂ ನಡುವೆ ನಾನೊಬ್ಬಳೇ. ಇವತ್ತು ನಾನಿದ್ದೀನಿ, ಸರಿ. ನಾಳೆ? ರೀಪು ಮುರಿಯೋವರೆಗೂ ಹೊಡೆದದ್ದು ಏನು ಮಾಡಿತು ಅಂತ ಅವಳ ಬಾಯಿಂದಲೇ ಕೇಳಿದ್ದೆ. ನಾಯಿ ಬಾಲಕ್ಕೆ ಎಷ್ಟು ದಬ್ಬೆ ಕಟ್ಟೋದು.

ಚೀಲದಿಂದ ಬೆಣೆ ತೆಗೆದೆ. ಬೆಣೆ ಅಂದರೆ ಒಂದು ತುದಿ ತೆಳು, ಒಂದು ತುದಿ ದಪ್ಪ, ಅಷ್ಟೇ. ಸಂದಿಗೆ ಇಟ್ಟು ಬಡಿದರೆ ಎಂಥಾ ತೊಲೆಯಾದರೂ ಸರಿಯುತ್ತೆ. ಅವುಗಳಲ್ಲಿ ದಪ್ಪನೇದನ್ನ ಆರಿಸಿ ಎಡಗಡೆ ಸಂದಿಗೆ, ಚೌಕಟ್ಟಿಗೂ ಬಾಗಿಲಿಗೂ ನಡುವೆ ತೂರಿಸಿದೆ. ಸುತ್ತಿಗೆ ಎತ್ತಿದೆ.

"ಏನು ಮಾಡ್ತಿದ್ದೀಯ? ಅಕ್ಕಾ, ಏನೇ ಮಾಡ್ತಿದ್ದೀಯ?"

"ಅಳತೆ ಸರಿ ಮಾಡ್ತಿದ್ದೀನಿ" ಅಂದೆ, ಬಡಿದೆ.

ಬಾ‌ಗಿಲು ಕೂದಲೆಳೆಯಷ್ಟು ಸರೀತು. ಅವನು ಕಿರುಚಿದ. "ಜಡೆ ಬಿಡು" ಅಂದೆ. ಬಿಡಲಿಲ್ಲ. ಇನ್ನೊಂದು ಏಟು. ನನ್ನನ್ನ ಬಾಯಿಗೆ ಬಂದ ಹಾಗೆ ಬೈದ, ನಮ್ಮಪ್ಪನನ್ನೂ ಸೇರಿಸಿ ಬೈದ. ಇನ್ನೊಂದು. ಎಡಗೈಯಿಂದ ನನ್ನ ಕೂದಲಿಗೆ ಕೈ ಹಾಕಿದ, ಒಂದು ಹಿಡಿ ಕಿತ್ತುಕೊಂಡ. ಆ ಜಾಗದಲ್ಲಿ ಇವತ್ತಿಗೂ ಕೂದಲು ಬಂದಿಲ್ಲ, ಬೇಕಾದರೆ ತೋರಿಸ್ತೀನಿ. ಹಲ್ಲು ಕಚ್ಚಿಕೊಂಡು ಬಡಿದೆ. ಕಣ್ಣಲ್ಲಿ ನೀರು ಸುರೀತಿತ್ತು, ಸುತ್ತಿಗೆ ಮಾತ್ರ ಗುರಿ ತಪ್ಪಲಿಲ್ಲ. ಆಮೇಲೆ ಬೈಗುಳ ನಿಂತು ಅಳು ಶುರುವಾಯ್ತು. "ಅಮ್ಮಾ" ಅಂದ. "ಅಕ್ಕಾ, ಸಾಕು, ನಿನ್ನ ಕಾಲಿಗೆ ಬೀಳ್ತೀನಿ" ಅಂದ.

"ಕಾಲಿಗೆ ಬೀಳೋದು ನೋಡಿದ್ದೀನಿ" ಅಂದೆ. "ಜಡೆ."

ಒಳಗೆ ಏನೋ ಸಡಿಲವಾದ ಸದ್ದು. ಗುಬ್ಬಿಯ ಉಸಿರು ಕೇಳಿಸ್ತು. "ಬಿಟ್ಟರು ಅತ್ತಿಗೆ" ಅಂದಳು. "ಸಾಕು. ಬಿಟ್ಟರು."

"ಕೇಳಿಸ್ತು" ಅಂದೆ.

ಮತ್ತೆ ಒಂದು ಏಟು ಹಾಕಿದೆ, ಎರಡೂ ಕೈಯಿಂದ, ಸೊಂಟದಿಂದ ಬಲ ತಂದು. ಆ ಏಟಿಗೇ ಮುರಿದದ್ದು. ಒಣ ರೀಪು ಮುರಿದ ಸದ್ದು ಬಂತು. ಅದು ಅಳತೆ ತಪ್ಪಿ ಆದದ್ದಲ್ಲ.

ಬೆಣೆ ಕಿತ್ತು, ಬಾಗಿಲು ಎಳೆದೆ. ಅವನು ಕೈ ಹೊಟ್ಟೆಗೆ ಒತ್ತಿಕೊಂಡು ನೆಲಕ್ಕೆ ಕುಸಿದ. ಮುಖ ಸುಣ್ಣದ ಹಾಗೆ ಬಿಳುಚಿತ್ತು. "ನೀನು ನನ್ನ ಅಕ್ಕಾನೇನೇ?" ಅಂದ.

"ಹೌದು. ಅದಕ್ಕೇ ಒಂದು ಕೈ. ಬೇರೆಯವಳಾಗಿದ್ದರೆ ಎರಡೂ ಮುರೀತಿದ್ದೆ." "ಆಸ್ಪತ್ರೆಗೆ ಹೋಗು. ಏನಾಯ್ತು ಅಂದರೆ ಬಾಗಿಲು ತಾಗಿತು ಅನ್ನು. ನಿನಗೆ ಬಾಯಿಪಾಠ ಇದೆಯಲ್ಲ. ಅಲ್ಲಿಂದ ಸೀದಾ ಅಮ್ಮನ ಮನೆಗೆ ಹೋಗು. ಈ ಮನೆ ಹೊಸಲು ತುಳಿದರೆ, ನನ್ನ ಚೀಲದಲ್ಲಿ ಬೆಣೆ ಇನ್ನೂ ಬೇಕಾದಷ್ಟಿವೆ."

ಅವನು ಗೋಡೆ ಹಿಡಿದುಕೊಂಡು ಎದ್ದು ಹೋದ. ಬೀದಿ ಬಾಗಿಲ ತನಕ ಅವನ ಹಿಂದೇ ಹೋಗಿ, ಅವನು ತಿರುವು ದಾಟೋವರೆಗೂ ನೋಡಿದೆ. ನನ್ನ ಸೊಂಟದ ಮೇಲೆ ಬೆಳೆದ ಹುಡುಗ. ಹೊಸಲ ಮೇಲೆ ಕೂತು ಅತ್ತೆ, ಜೋರಾಗಿಯೇ ಅತ್ತೆ. ನೋಡಿದವರು ನೋಡಲಿ.

ಒಳಗೆ ಬಂದಾಗ ಗುಬ್ಬಿ ತಲೆಗೆ ಒಂದು ಬಟ್ಟೆ ಕಟ್ಟಿಕೊಂಡು, ತಮ್ಮನ ಅಂಗಿ ಚಡ್ಡಿ ಎಲ್ಲಾ ಒಂದು ಗೋಣಿಚೀಲಕ್ಕೆ ತುರುಕ್ತಾ ಇದ್ದಳು. "ಮೊದಲು ನಡಿ, ತಲೆಗೆ ಹೊಲಿಗೆ ಹಾಕಿಸೋಣ" ಅಂದೆ. "ಹೋಗೋಣ" ಅಂದಳು. ಚೀಲದ ಬಾಯಿ ಕಟ್ಟಿ, ಬೀದಿ ಬಾಗಿಲಾಚೆ ಇಟ್ಟು ಬಂದಳು. ಆಮೇಲೆ ನಾನು ಎಸೆದಿದ್ದ ಮರದ ತುಂಡನ್ನ ಎತ್ತಿ ಗೋಡೆಗೆ ಒರಗಿಸಿದಳು.

"ಇದನ್ನ ಇವತ್ತೇ ಕೂಡಿಸ್ತೀರಾ ಅತ್ತಿಗೆ?"

"ಇನ್ನು ಯಾಕೇ ಆ ಮೊಳೆ ನಿನಗೆ?"

"ಮೊಳೆ ಯಾರಿಗೆ ಬೇಕು?" ಅಂದಳು. "ಬೀರು ಅಲ್ವಾ ಇದು? ಸಂದು ಬಿಟ್ಟರೆ ಬಟ್ಟೆಗೆ ಧೂಳು ಕೂರುತ್ತೆ. ಹಲಗೆನೂ ಕೂರಿಸಿ, ಮೂರು ಸಾಲು." ನೆಲದ ಮೇಲೆ ಬಿದ್ದಿದ್ದ ಟೇಪು ತಗೊಂಡು, ಮೊಣಕಾಲೂರಿ, ಕಂಬದ ಅಂಚಿಗೆ ಕೊಕ್ಕೆ ಸಿಕ್ಕಿಸಿದಳು. "ಸೊನ್ನೆಗೆ ಹಿಡಿದಿದ್ದೀನಿ. ಎಷ್ಟು, ಹೇಳಿ."

ನಾನು ಮೂಗು ಒರೆಸಿಕೊಂಡು, ಮನಸ್ಸಲ್ಲೇ ಇನ್ನೊಂದು ಸಲ ಲೆಕ್ಕ ಹಾಕಿ ನೋಡಿದೆ.

"ನೂರ ಅರವತ್ತೆರಡು" ಅಂದೆ.